ಗೋಡೆ ಉಳಿಸುವ ನಾಲ್ಕು ಮಾಡಿನ ಮನೆ

ಮಲೆನಾಡು, ಕರಾವಳಿಗಳಲ್ಲಿ ಹೊಸ ಮನೆ ಕಟ್ಟಿಸುವ ರೈತರು ಕೋಣೆಗಳ ಲೆಕ್ಕ ಹಾಕುವ ಮೊದಲೇ ಮಾಡಿನ ಆಕಾರವನ್ನು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಗಾಳಿಯೊಡನೆ ಬರುವ ಈ ಮಳೆ ಓರೆಯಾಗಿ ಗೋಡೆಗೇ ಬಡಿಯುತ್ತದೆ.

ಎರಡು ಮಾಡಿನ ಮನೆಯ ಎರಡೂ ತುದಿಗಳಲ್ಲಿ ತ್ರಿಕೋನಾಕಾರದ ಗೋಡೆ ಮಾಡಿನ ನೆತ್ತಿಯವರೆಗೆ ಏರಿರುತ್ತದೆ. ಇದಕ್ಕೆ ಸೂರಿನ ರಕ್ಷಣೆ ಕಡಿಮೆ. ಈ ಗೋಡೆ ಪಡುವಣಕ್ಕಿದ್ದು, ಮಣ್ಣಿನದಾಗಿದ್ದರೆ ನೆನೆದು ಮಣ್ಣು ಕಳಚುತ್ತದೆ. ಪ್ರತಿ ಮಳೆಗಾಲಕ್ಕೆ ಮುನ್ನ ಅಡಿಕೆ ಸೋಗೆಯ ತಟ್ಟಿ ಕಟ್ಟುವ ಕೆಲಸವೂ ತಪ್ಪುವುದಿಲ್ಲ.

ನಾಲ್ಕು ಕಡೆಗೂ ಇಳಿಜಾರು ಇರುವ ಮಾಡಿನಲ್ಲಿ ಗೋಡೆಗಳೆಲ್ಲ ಒಂದೇ ಎತ್ತರಕ್ಕೆ ನಿಲ್ಲುತ್ತವೆ. ಸುತ್ತಲೂ ಸೂರು ಬರುತ್ತದೆ. ತ್ರಿಕೋನ ಗೋಡೆಯ ಕಲ್ಲು, ಗಾರೆ, ಕೂಲಿಯೂ ಉಳಿಯುತ್ತದೆ.

ಗಾಳಿಯ ವಿಷಯದಲ್ಲೂ ಇದೇ ಮೇಲು. ನೆಟ್ಟಗೆ ನಿಂತ ಎತ್ತರದ ಗೋಡೆಯನ್ನು ಗಾಳಿ ತಳ್ಳುತ್ತದೆ. ಇಳಿಜಾರು ಸಿಕ್ಕರೆ ಅದರ ಮೇಲೆ ಹಾಯ್ದು ಹೋಗುತ್ತದೆ. ಮೂಲೆಯ ತೊಲೆಗಳು ಮಾಡನ್ನು ನಾಲ್ಕೂ ಕಡೆಯಿಂದ ಬಿಗಿಹಿಡಿಯುತ್ತವೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಮನೆಗಳಿಗೆ ಹಾನಿ ಮಾಡಿದ್ದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ.

ಕಟ್ಟುವಾಗ ಗಮನಿಸಬೇಕಾದ ಅಂಶಗಳು:

1. ಮಂಗಳೂರು ಹೆಂಚಿಗೆ ಒಂದು ಅಡಿ ಅಡ್ಡಕ್ಕೆ ಅರ್ಧ ಅಡಿಯಷ್ಟಾದರೂ ಏರು ಕೊಡಿ. ಇಳಿಜಾರು ಕಡಿಮೆಯಾದರೆ ನೀರು ಹೆಂಚಿನ ಸಂದಿಯಲ್ಲಿ ಹಿಂದಕ್ಕೆ ನುಗ್ಗುತ್ತದೆ.

2. ಸೂರು ಎರಡು ಅಡಿಗಿಂತ ಹೆಚ್ಚು ಮುಂದೆ ಚಾಚುವಂತಿದ್ದರೆ ಜಗಲಿಯ ಕಂಬಗಳ ಆಸರೆ ಇರಲಿ. ಇಲ್ಲವಾದರೆ ಗಾಳಿ ಅಡಿಯಿಂದ ಎತ್ತುತ್ತದೆ.

3. ಪಕಾಸುಗಳನ್ನು ಗೋಡೆಯ ಮೇಲಿನ ತೊಲೆಗೆ ಕಬ್ಬಿಣದ ಪಟ್ಟಿಯಿಂದ ಬಿಗಿಯಿರಿ. ಆ ತೊಲೆಯನ್ನು ಗೋಡೆಗೆ ಬೋಲ್ಟಿನಿಂದ ಕೂರಿಸಿ.

4. ನೆತ್ತಿಯ ಎರಡೂ ತುದಿಗಳಲ್ಲಿ ಜಾಲರಿ ಹಾಕಿದ ಸಣ್ಣ ಗವಾಕ್ಷಿ ಬಿಟ್ಟರೆ ಹೊಗೆ, ಬಿಸಿಗಾಳಿ ಹೊರಗೆ ಹೋಗುತ್ತದೆ.

ಅನಾನುಕೂಲಗಳೂ ಇಲ್ಲದಿಲ್ಲ. ಮೂಲೆಗಳಿಗೆ ದಪ್ಪ ಮರ ಬೇಕು. ಅಲ್ಲಿ ಹೆಂಚನ್ನು ಓರೆಯಾಗಿ ಕತ್ತರಿಸಬೇಕಾದ್ದರಿಂದ ಒಂದಷ್ಟು ನಷ್ಟವಾಗುತ್ತದೆ. ನುರಿತ ಬಡಗಿಯೂ ಬೇಕು. ತುದಿಗಳಲ್ಲಿ ಮಾಡು ತಗ್ಗುವುದರಿಂದ ಅಟ್ಟದ ಜಾಗ ಕಿರಿದಾಗುತ್ತದೆ. ಅಡಿಕೆ, ಭತ್ತವನ್ನು ಅಟ್ಟದಲ್ಲಿಡುವವರು ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈಗಾಗಲೇ ಎರಡು ಮಾಡಿನ ಮನೆ ಇರುವವರು ಅದನ್ನು ಬಿಚ್ಚಿಸಬೇಕಾಗಿಲ್ಲ. ಪಡುವಣದ ತ್ರಿಕೋನ ಗೋಡೆಗೆ ಒತ್ತಿ, ಕಂಬಗಳ ಮೇಲೆ ಒಂದು ಚಿಕ್ಕ ಮಾಡು ಇಳಿಸಿದರೆ ಅದರ ಕೆಳಗಿನ ಗೋಡೆ ಒಣಗಿರುತ್ತದೆ. ಅಡಿಯಲ್ಲಿ ಸೌದೆ ಒಟ್ಟಲು ಸ್ಥಳವೂ ದೊರೆಯುತ್ತದೆ. ಈ ಕೆಲಸವನ್ನು ಮೇ ತಿಂಗಳೊಳಗೆ ಮುಗಿಸಿಕೊಳ್ಳುವುದು ಕ್ಷೇಮ.