ಮುಂದಿನ ಪರ್ವದ ನಿರೀಕ್ಷೆ: ಗದಗ ಸೀಮೆಯಲ್ಲಿ ‘ಶಕ್ತಿಮಾನ್’ ಧಾರಾವಾಹಿಯ ಅಭಿಮಾನಿಗಳು

ಅತಿಮಾನವ ಶಕ್ತಿಯುಳ್ಳ ನಾಯಕನೊಬ್ಬನ ದೂರದರ್ಶನ ಧಾರಾವಾಹಿ ನಿಂತುಹೋದ ಮೇಲೂ ಅದರ ಮುಂದಿನ ಭಾಗಕ್ಕಾಗಿ ಪ್ರೇಕ್ಷಕರು ವರ್ಷಗಟ್ಟಲೆ ಕಾಯುವುದುಂಟು. ಇದನ್ನು ಹುಡುಗಾಟವೆಂದು ತಳ್ಳಿಹಾಕುವುದು ಸುಲಭ. ಆದರೆ ಕಥೆಗೂ ಅದನ್ನು ಕೇಳುವವನಿಗೂ ಇರುವ ಸಂಬಂಧವನ್ನು ಅಭ್ಯಸಿಸುವವರು ಹಾಗೆ ಮಾಡಲಾಗದು. ಕಥೆ ನಡೆಯುತ್ತಿರುವಷ್ಟು ಹೊತ್ತು ಕೇಳುಗನು ಹೇಳುವವನ ವಶದಲ್ಲಿರುತ್ತಾನೆ. ಕಥೆ ನಿಂತಾಗಲೇ ಅವನ ಸ್ವಂತ ಕಲ್ಪನೆಯ ಕೆಲಸ ಆರಂಭವಾಗುತ್ತದೆ. ಪ್ರಸ್ತುತ ಲೇಖನದಲ್ಲಿ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಪರಿಸರವನ್ನು ಮುಂದಿಟ್ಟುಕೊಂಡು, ‘ಶಕ್ತಿಮಾನ್’ ಎಂಬ ಧಾರಾವಾಹಿಯ ಮರುಬರವನ್ನು ಕುರಿತ ನಿರೀಕ್ಷೆಯ ಸ್ವರೂಪವನ್ನು ವಿವೇಚಿಸಲು ಉದ್ದೇಶಿಸಿದ್ದೇವೆ.

ಮೊದಲು ಕೆಲವು ಸಂಗತಿಗಳನ್ನು ಹೇಳಬೇಕು. ‘ಶಕ್ತಿಮಾನ್’ ಧಾರಾವಾಹಿಯು 1997ರ ಸೆಪ್ಟೆಂಬರ್ 13ರಂದು ದೂರದರ್ಶನದ ರಾಷ್ಟ್ರೀಯ ವಾಹಿನಿಯಲ್ಲಿ ಆರಂಭವಾಗಿ, ನಾನೂರಕ್ಕೂ ಹೆಚ್ಚು ಕಂತುಗಳಲ್ಲಿ ನಡೆದು, 2005ರ ಮಾರ್ಚ್ 27ರಂದು ಮುಗಿಯಿತು. ದಿನಕರ ಜಾನಿ ಅವರು ಇದರ ನಿರ್ದೇಶಕರು. ನಾಯಕನ ಪಾತ್ರವನ್ನು ವಹಿಸಿದವರು ಮುಕೇಶ ಖನ್ನಾ. ಇವರೇ ಅದಕ್ಕೂ ಮೊದಲು, 1988ರಿಂದ 1990ರವರೆಗೆ ಪ್ರಸಾರವಾದ ಬಿ. ಆರ್. ಚೋಪ್ರಾ ಅವರ ‘ಮಹಾಭಾರತ’ದಲ್ಲಿ ಭೀಷ್ಮನಾಗಿ ಮನೆಮನೆಗೆ ಪರಿಚಿತರಾಗಿದ್ದರೆಂಬುದನ್ನು ನೆನೆಯಬೇಕು. ಶಕ್ತಿಮಾನನು ಪಂಚಭೂತಗಳ ಬಲದಿಂದಲೂ ಕುಂಡಲಿನೀ ಯೋಗದಿಂದಲೂ ಶಕ್ತಿ ಪಡೆದವನು. ಲೋಕದ ಕಣ್ಣಿಗಾದರೋ ಅವನು ಪತ್ರಿಕಾ ಕಚೇರಿಯೊಂದರಲ್ಲಿ ದುಡಿಯುವ, ಹಲ್ಲುಬ್ಬಿದ, ಕನ್ನಡಕದ ಪೆದ್ದ ಗಂಗಾಧರ. ಎದುರಾಳಿ ತಮರಾಜ ಕಿಲ್ವಿಶ್, ಕತ್ತಲೆಯ ಒಡೆಯ.

ಗದಗ ಜಿಲ್ಲೆಯು ಧಾರವಾಡದಿಂದ ಬೇರ್ಪಟ್ಟದ್ದೂ ಇದೇ 1997ರಲ್ಲಿ. ಹೊಸ ಜಿಲ್ಲೆಯ ಶಾಲೆಗಳಲ್ಲಿ ಅಂದು ಓದುತ್ತಿದ್ದ ಮಕ್ಕಳು ಇಂದು ಗೃಹಸ್ಥರಾಗಿದ್ದಾರೆ. ಈ ಪತ್ರಿಕೆಯನ್ನು ಓದುವ ಅಧ್ಯಾಪಕರಲ್ಲಿಯೂ ಅಂಥವರು ಕೆಲವರಿರಬಹುದು. ಅವರಿಗೆ ಧಾರಾವಾಹಿಯ ವೇಳೆ ಮರೆತಿರಲಾರದು. ಮೊದಲಲ್ಲಿ ಅದು ಶನಿವಾರ ಮುಂಜಾನೆ ಬರುತ್ತಿತ್ತು. ನಮ್ಮ ಕಡೆ ಶನಿವಾರವೆಂದರೆ ಮುಂಜಾನೆಯ ಶಾಲೆ. ಮಕ್ಕಳು ಶಾಲೆ ತಪ್ಪಿಸುತ್ತಾರೆಂಬ ಮಾತು ದೇಶದ ಹಲವೆಡೆ ಕೇಳಿಬಂದು, ಮುಂದೆ ಪ್ರಸಾರವು ರವಿವಾರ ಮಧ್ಯಾಹ್ನಕ್ಕೆ ಬದಲಾಯಿತು. ಒಂದು ದೂರದರ್ಶನ ಪೆಟ್ಟಿಗೆಯ ಮುಂದೆ ಓಣಿಯ ಮಕ್ಕಳೆಲ್ಲ ಕೂಡುವುದು, ಮಾಳಿಗೆಯ ಮೇಲಿನ ಆಂಟೆನಾ ತಿರುಗಿಸಲು ಒಬ್ಬನು ಏರುವುದು, ಕಥೆ ಕುತೂಹಲದ ತುದಿ ಮುಟ್ಟಿದಾಗ ಕರೆಂಟು ಹೋಗುವುದು ಅಂದಿನ ಸಾಮಾನ್ಯ ಅನುಭವ. ಉಳಿದ ಆರು ದಿನ ಮಕ್ಕಳು ಒಂದು ಕೈಯನ್ನು ಮೇಲೆತ್ತಿ ಗಿರ್ರನೆ ತಿರುಗುತ್ತ, ಬರಲಿರುವ ಕಂತನ್ನು ತಾವೇ ಮುಂಗಡವಾಗಿ ಆಡಿ ಮುಗಿಸುತ್ತಿದ್ದರು.

ಈ ನಿರೀಕ್ಷೆಗೆ ಕರಾಳವಾದ ಒಂದು ಮುಖವೂ ಇದ್ದಿತು. ಶಕ್ತಿಮಾನನು ಬಂದು ಕಾಪಾಡುವನೆಂದು ನಂಬಿದ ಮಕ್ಕಳು ತಮ್ಮನ್ನು ಅಪಾಯಕ್ಕೆ ಒಡ್ಡಿಕೊಂಡರೆಂಬ ವರದಿಗಳು ಆ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಬಂದು ವಿವಾದವೆದ್ದಿತು. ತನ್ನ ಸಾಹಸಗಳನ್ನು ಅನುಕರಿಸಬಾರದೆಂದು ನಾಯಕನೇ ಪರದೆಯ ಮೇಲೆ ಮಕ್ಕಳಿಗೆ ಬುದ್ಧಿ ಹೇಳಬೇಕಾಯಿತು. ಪ್ರತಿ ಕಂತಿನ ಕೊನೆಗೆ ಬರುತ್ತಿದ್ದ ಸಣ್ಣಸಣ್ಣ ನೀತಿಮಾತುಗಳ ಭಾಗವನ್ನು ದೊಡ್ಡವರು ಬಹಳವಾಗಿ ಮೆಚ್ಚಿದರು. ಮಕ್ಕಳು ಅದನ್ನು ಸಹಿಸಿಕೊಂಡರೆಂದು ಹೇಳಿದರೆ ಹೆಚ್ಚು ನಿಜವಾದೀತು.

ಇನ್ನು ನಿರೀಕ್ಷೆಯ ಸ್ವರೂಪವನ್ನು ನೋಡೋಣ. ಮುಂದೇನಾಗುವುದೆಂದು ತಿಳಿಯದಿರುವುದೇ ಕುತೂಹಲಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಇದು ಅರ್ಧಸತ್ಯ. ಶಕ್ತಿಮಾನನು ಗೆಲ್ಲುವನೆಂಬುದು ಆರು ವರ್ಷದ ಮಗುವಿಗೂ ಗೊತ್ತಿತ್ತು. ಪೆದ್ದ ಗಂಗಾಧರನೇ ಅವನೆಂಬುದೂ ಗೊತ್ತಿತ್ತು. ಗೊತ್ತಿದ್ದೂ ಕಾಯುತ್ತಿದ್ದರು. ಇದರ ಕಾರಣವನ್ನು ಗದಗಿನವರು ದೂರ ಹುಡುಕಬೇಕಾಗಿಲ್ಲ. ಅದು ವೀರನಾರಾಯಣನ ಗುಡಿಯಲ್ಲಿಯೇ ಇದೆ. ಹದಿನೈದನೆಯ ಶತಮಾನದ ಗದುಗಿನ ನಾರಣಪ್ಪನು, ಅಂದರೆ ಕುಮಾರವ್ಯಾಸನು, ಮಿಂದು ಒದ್ದೆ ಬಟ್ಟೆಯಲ್ಲಿ ಆ ಗುಡಿಯ ಕಂಬವೊಂದರ ಬಳಿ ಕುಳಿತು ಭಾರತವನ್ನು ರಚಿಸುತ್ತಿದ್ದನೆಂದೂ, ಬಟ್ಟೆ ಆರಿದೊಡನೆ ಕಾವ್ಯಧಾರೆ ನಿಲ್ಲುತ್ತಿತ್ತೆಂದೂ ಐತಿಹ್ಯವಿದೆ. ಇತಿಹಾಸದ ದೃಷ್ಟಿಯಿಂದ ಇದರ ಬೆಲೆ ಏನೇ ಇರಲಿ, ಕಥೆ ದಿನಕ್ಕಿಷ್ಟೇ ಎಂಬ ಅಳತೆಯಲ್ಲಿ ಬರುತ್ತದೆಂಬುದನ್ನೂ, ಮಿಕ್ಕದ್ದಕ್ಕೆ ಮರುದಿನದವರೆಗೆ ಕಾಯಬೇಕೆಂಬುದನ್ನೂ ಈ ಊರಿನ ಜನ ಎಷ್ಟು ಸಹಜವಾಗಿ ಒಪ್ಪಿದ್ದರೆಂಬುದಕ್ಕೆ ಇದು ಸಾಕ್ಷಿ.

ವಿರಾಟಪರ್ವದ ಉದಾಹರಣೆ ಇನ್ನೂ ಸಮರ್ಪಕವಾದುದು. ಮಳೆ ಹೋದಾಗ ಈ ಪರ್ವವನ್ನು ಓದಿಸುವ ರೂಢಿ ನಮ್ಮ ನಾಡಿನಲ್ಲಿದೆ. ಕಪ್ಪತಗುಡ್ಡದ ಆಚೀಚೆಯ ಎರೆಹೊಲಗಳ ಒಕ್ಕಲಿಗರಿಗೆ ಆಕಾಶ ನೋಡುತ್ತ ಕಾಯುವುದೆಂದರೇನೆಂದು ವಿವರಿಸಬೇಕಾಗಿಲ್ಲ. ಬೃಹನ್ನಳೆಯೇ ಅರ್ಜುನನೆಂಬುದನ್ನು ಅರಿಯದವನು ವಿರಾಟನ ಆಸ್ಥಾನದಲ್ಲಿ ಮಾತ್ರ ಉಂಟು, ಕೇಳುಗರಲ್ಲಿ ಒಬ್ಬನೂ ಇಲ್ಲ. ಆದರೂ ಶಮೀವೃಕ್ಷದಿಂದ ಗಾಂಡೀವವನ್ನು ಇಳಿಸುವ ಗಳಿಗೆಗಾಗಿ ಎಲ್ಲರೂ ಕಾದಿರುತ್ತಾರೆ. ತಮಗೆ ಗೊತ್ತಿರುವುದು ಲೋಕಕ್ಕೂ ಗೊತ್ತಾಗುವ ಕ್ಷಣ ಅದು. ಅಭಿಮಾನಿಯು ಕಾಯುವುದು ಇಂಥ ಕ್ಷಣಕ್ಕಾಗಿ: ಗಂಗಾಧರನನ್ನು ಕಂಡು ನಗುವವರ ನಡುವೆ, ಅವನು ಯಾರೆಂದು ತಾನೊಬ್ಬನೇ ಬಲ್ಲೆನೆಂಬ ಹೆಮ್ಮೆ ನೋಡುವ ಮಗುವಿನದು. ಈ ಸೀಮೆಯ ದೊಡ್ಡಾಟದಲ್ಲಿಯೂ ರಂಗಕ್ಕೆ ಬಂದ ವೀರನನ್ನು ಸಾರಥಿಯು ‘ನೀನು ಯಾರು?’ ಎಂದೇ ಕೇಳುತ್ತಾನೆ. ಶಿರಹಟ್ಟಿಯ ಇಲ್ಲವೆ ಮುಂಡರಗಿಯ ಜಾತ್ರೆಯಲ್ಲಿ ರಾತ್ರಿಯಿಡೀ ಆಟ ನೋಡಿದವರಿಗೆ ಆ ಪ್ರಶ್ನೆಯ ಉತ್ತರ ತಿಳಿಯದೆ ಇರುವುದಿಲ್ಲ. ಅದನ್ನು ವೀರನ ಬಾಯಿಂದಲೇ ಕೇಳುವ ಆಸೆ ಅವರದು.

ಇಲ್ಲಿ ಒಂದು ಶಬ್ದದ ವಿಚಾರ. ಇಂಗ್ಲಿಷಿನವರು ಧಾರಾವಾಹಿಯ ಒಂದು ಸುತ್ತನ್ನು ‘ಸೀಸನ್’ ಎನ್ನುತ್ತಾರೆ. ನಾವೂ ಅದನ್ನೇ ಎತ್ತಿಕೊಂಡಿದ್ದೇವೆ. ‘ಪರ್ವ’ ಎಂಬ ಶಬ್ದವು ಇದಕ್ಕಿಂತ ಎಷ್ಟೋ ಚೆನ್ನಾಗಿ ಒಪ್ಪುತ್ತದೆ. ಸಂಸ್ಕೃತದಲ್ಲಿ ಪರ್ವವೆಂದರೆ ಬಿದಿರು, ಕಬ್ಬುಗಳ ಗೆಣ್ಣು. ಗ್ರಂಥದ ವಿಭಾಗವೆಂಬ ಅರ್ಥ ಆ ಮೇಲೆ ಬಂದದ್ದು. ಅದೇ ಶಬ್ದವು ತದ್ಭವಗೊಂಡು ಕನ್ನಡದಲ್ಲಿ ‘ಪಬ್ಬ’, ‘ಹಬ್ಬ’ ಆಯಿತು. ಒಂದು ಭಾಗ ಮುಗಿದು ಇನ್ನೊಂದು ಹುಟ್ಟುವ ಗಂಟು ಮತ್ತು ಜನರು ದಿನವೆಣಿಸಿ ಕಾಯುವ ಹಬ್ಬ, ಎರಡೂ ಒಂದೇ ಮಾತಿನಲ್ಲಿ ಅಡಗಿವೆ.

ಶಕ್ತಿಮಾನನ ಅಭಿಮಾನಿಗಳ ಪಾಲಿಗೆ ಈ ಗೆಣ್ಣು ಬಹಳ ಉದ್ದವಾಯಿತು. 2020ರ ಏಪ್ರಿಲ್‌ನಲ್ಲಿ, ಕೊರೋನಾ ಲಾಕ್‌ಡೌನಿನ ದಿನಗಳಲ್ಲಿ, ದೂರದರ್ಶನವು ಹಳೆಯ ಕಂತುಗಳನ್ನು ಮರಳಿ ಪ್ರಸಾರ ಮಾಡಿತು. ಒಮ್ಮೆ ಮಕ್ಕಳಾಗಿ ನೋಡಿದವರು ಈಗ ತಮ್ಮ ಮಕ್ಕಳೊಡನೆ ಕುಳಿತು ನೋಡುವ ಪ್ರಸಂಗ ಒದಗಿತು. 2022ರ ಫೆಬ್ರುವರಿಯಲ್ಲಿ ಸೋನಿ ಪಿಕ್ಚರ್ಸ್ ಸಂಸ್ಥೆಯು ಶಕ್ತಿಮಾನನ ಕಥೆಯನ್ನು ಚಲನಚಿತ್ರಮಾಲೆಯಾಗಿ ತರುವೆವೆಂದು ಪ್ರಕಟಿಸಿತು. ನಾಯಕನ ಪಾತ್ರಕ್ಕೆ ಹಿಂದಿ ಚಿತ್ರರಂಗದ ಪ್ರಸಿದ್ಧ ನಟರೊಬ್ಬರ ಹೆಸರು ಕೇಳಿಬಂದಾಗ, ಖನ್ನಾ ಅವರು 2024ರಲ್ಲಿ ಬಹಿರಂಗವಾಗಿ ಅಸಮ್ಮತಿ ಸೂಚಿಸಿದರು. ಅದೇ ವರ್ಷದ ನವೆಂಬರ್‌ನಲ್ಲಿ, ಅರುವತ್ತು ದಾಟಿದ ವಯಸ್ಸಿನಲ್ಲಿ, ಅವರೇ ಹಳೆಯ ಕೆಂಪು ಉಡುಪನ್ನು ಧರಿಸಿದ ಮುನ್ನೋಟದ ತುಣುಕೊಂದು ಹೊರಬಂದಿತು. ಮುಂದಿನ ಶಕ್ತಿಮಾನ್ ತಾವೇ ಎಂದು ಸಾರುವುದು ತಮ್ಮ ಉದ್ದೇಶವಲ್ಲವೆಂದು ಅವರು ಬಳಿಕ ಸ್ಪಷ್ಟಪಡಿಸಿದರು. ಆ ತುಣುಕನ್ನು ಕಂಡು ಕೆಲವರು ಕಣ್ಣೀರು ತಂದರು, ಕೆಲವರು ಗೇಲಿ ಮಾಡಿದರು. ಒಬ್ಬನೇ ಪ್ರೇಕ್ಷಕನು ಎರಡನ್ನೂ ಮಾಡಿದ್ದರೆ ಅದರಲ್ಲಿ ವಿರೋಧವಿಲ್ಲ.

ಏಕೆಂದರೆ ಅಭಿಮಾನಿಗೆ ಎರಡು ಭಯಗಳಿರುತ್ತವೆ. ಕಥೆ ಬಾರದೆ ಹೋದೀತೆಂಬುದು ಒಂದು. ಬಂದೂ ಅದು ಅದಾಗಿರಲಿಕ್ಕಿಲ್ಲವೆಂಬುದು ಇನ್ನೊಂದು. ಎರಡನೆಯದೇ ಹೆಚ್ಚು ಬಲವಾದುದು. ಇದಕ್ಕೂ ಗದುಗಿನ ಭಾರತವೇ ನಿದರ್ಶನ. ಕುಮಾರವ್ಯಾಸನು ಮೊದಲ ಹತ್ತು ಪರ್ವಗಳನ್ನು ಮಾತ್ರ ಹಾಡಿ, ದುರ್ಯೋಧನನ ಪತನದ ಗದಾಪರ್ವಕ್ಕೆ ನಿಲ್ಲಿಸಿದನು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಅಪ್ಪಣೆಯಂತೆ ತಿಮ್ಮಣ್ಣಕವಿಯು ಅದೇ ಭಾಮಿನಿ ಷಟ್ಪದಿಯಲ್ಲಿ ಪೂರೈಸಿದನು. ಛಂದಸ್ಸು ಅದೇ, ಕಥೆಯೂ ಅದೇ, ಅರಸನ ಆಶ್ರಯ ಬೇರೆ; ಆದರೂ ಜನರು ಗಮಕಿಗಳ ಬಾಯಿಂದ ಮತ್ತೆಮತ್ತೆ ಓದಿಸಿ ಕೇಳಿದ್ದು ನಾರಣಪ್ಪನ ಹತ್ತು ಪರ್ವಗಳನ್ನೇ. ಲಕ್ಷ್ಮೀಶನಾದರೋ ಬೇರೆ ದಾರಿ ಹಿಡಿದನು. ಅವನು ಯುದ್ಧಾನಂತರದ ಅಶ್ವಮೇಧವನ್ನು ಆಯ್ದುಕೊಂಡು, ವಾರ್ಧಕ ಷಟ್ಪದಿಯಲ್ಲಿ ತನ್ನದೇ ದನಿಯಿಂದ ಹೇಳಿ ಗೆದ್ದನು. ನಿಂತ ಕಥೆಯನ್ನು ಮುಂದುವರಿಸುವವನು ಹಳೆಯ ದನಿಯನ್ನು ಅನುಕರಿಸಿದರೆ ಕೇಳುಗನು ಹೋಲಿಸುತ್ತಾನೆ. ಹೊಸ ದನಿ ತಂದರೆ ಮೊದಲು ಮುನಿಸಿಕೊಂಡರೂ ಕೇಳಿಯಾನು. ಶಕ್ತಿಮಾನನನ್ನು ಮರಳಿ ತರುವವರ ಮುಂದಿರುವ ತೊಡಕು ಇದೇ ಎಂದು ನಮಗೆ ತೋರುತ್ತದೆ.

ಹೊರದೇಶದ ಒಂದು ಉದಾಹರಣೆಯನ್ನು ಇದರೊಡನೆ ಇಟ್ಟು ನೋಡಬಹುದು. ಅಮೇರಿಕೆಯ ‘ಡೇರ್‌ಡೆವಿಲ್’ ಧಾರಾವಾಹಿಯು 2015ರಿಂದ 2018ರವರೆಗೆ ನೆಟ್‌ಫ್ಲಿಕ್ಸ್‌ನಲ್ಲಿ ಮೂರು ಪರ್ವಗಳಾಗಿ ಬಂದಿತು. ಪ್ರತಿ ಪರ್ವದ ಹದಿಮೂರು ಕಂತುಗಳೂ ಒಂದೇ ದಿನ ದೊರೆಯುತ್ತಿದ್ದವು. 2018ರ ನವೆಂಬರ್‌ನಲ್ಲಿ ಅದು ರದ್ದಾದಾಗ ಅಭಿಮಾನಿಗಳು ಚಳುವಳಿಯನ್ನೇ ಹೂಡಿದರು. 2025ರ ಮಾರ್ಚ್‌ನಲ್ಲಿ ಅದೇ ನಟ ಚಾರ್ಲಿ ಕಾಕ್ಸ್ ಅವರೊಡನೆ ಕಥೆ ಡಿಸ್ನಿ ಸಂಸ್ಥೆಯ ವಾಹಿನಿಯಲ್ಲಿ ಮರಳಿದಾಗ, ಕಂತುಗಳು ಹಿಂದಿನಂತೆ ಒಟ್ಟಿಗೆ ಬಾರದೆ ವಾರವಾರವೂ ಬಂದವು. ಹದಿಮೂರು ಕಂತುಗಳನ್ನು ಒಂದೇ ರಾತ್ರಿ ನೋಡಿ ಮುಗಿಸಿದವನಿಗೆ ಮರುದಿನ ಮಾತನಾಡಲು ಜೊತೆ ದೊರೆಯುವುದಿಲ್ಲ. ಒಬ್ಬನು ಮೂರನೆಯದರಲ್ಲಿ, ಇನ್ನೊಬ್ಬನು ಹತ್ತನೆಯದರಲ್ಲಿ ಇರುತ್ತಾನೆ. ಎಲ್ಲರೂ ಒಂದೇ ಗೆಣ್ಣಿನಲ್ಲಿ ನಿಂತಿರುವಾಗ ಮಾತ್ರ ಊಹೆ, ವಾದ, ಪಂಥಗಳಿಗೆ ಅವಕಾಶ. ಇಂದು ಬೆಟಗೇರಿಯ ಹುಡುಗನು ಮೊಬೈಲಿನಲ್ಲಿ ಒಬ್ಬನೇ ನೋಡುತ್ತಾನೆ. ಓಣಿಯ ಮಕ್ಕಳು ಒಟ್ಟಾಗಿ ಕಾಯುತ್ತಿದ್ದ ಆ ಆರು ದಿನಗಳು ಅವನಿಗಿಲ್ಲ.

ಕೊನೆಯದಾಗಿ ಭಾಷೆಯ ಪ್ರಶ್ನೆ. ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುವುದು ಇದು. ಶಕ್ತಿಮಾನ್ ಈ ಸೀಮೆಗೆ ಬಂದದ್ದು ಹಿಂದಿಯಲ್ಲಿ. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ಕನ್ನಡದ ತಿರುಳು ಇರುವ ನೆಲವನ್ನು ಗುರುತಿಸುವಾಗ ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಒಂಕುಂದಗಳೊಡನೆ ಹೆಸರಿಸಿದ ಊರು. 941ರಲ್ಲಿ ವಿಕ್ರಮಾರ್ಜುನವಿಜಯವನ್ನು ಮುಗಿಸಿದ ಪಂಪನು ತನ್ನ ಕಾವ್ಯದ ಭಾಷೆಗೆ ಆಧಾರವೆಂದು ಅಭಿಮಾನದಿಂದ ನೆನೆದ ಊರು. ಅಲ್ಲಿನ ಮಕ್ಕಳು 1997ರಲ್ಲಿ ತಮ್ಮ ವೀರನನ್ನು ಅರೆಬರೆ ತಿಳಿಯುವ ಭಾಷೆಯಲ್ಲಿ ಎದುರುಗೊಂಡರು. ಇದರಲ್ಲಿ ನಷ್ಟವಿಲ್ಲವೆಂದು ಹೇಳಲಾರೆವು. ಆದರೆ ರವಿವಾರ ಹಿಂದಿಯಲ್ಲಿ ನೋಡಿದ್ದನ್ನು ಸೋಮವಾರ ಶಾಲೆಯ ಅಂಗಳದಲ್ಲಿ ಕನ್ನಡದಲ್ಲಿಯೇ ಹೇಳಬೇಕಾಗುತ್ತಿತ್ತು. ‘ಕಿಲ್ವಿಶ್ ಮತ್ತ ಬಂದಾನಲೇ, ಮುಂದಿನ ವಾರ ಐತಿ ನೋಡ ಅವಂಗ’ ಎಂಬ ಧಾಟಿಯ ಮಾತಿನಲ್ಲಿ ತಮರಾಜನು ಗದಗ ಸೀಮೆಯವನೇ ಆಗಿಬಿಡುತ್ತಿದ್ದನು. ತಿಳಿಯದೆ ಉಳಿದ ಸಂಭಾಷಣೆಯನ್ನು ಹೇಳುವ ಹುಡುಗನು ತಾನೇ ಕಟ್ಟಿ ತುಂಬುತ್ತಿದ್ದನು. ವಾರದ ಬಿಡುವು ಇದ್ದುದರಿಂದಲೇ ಈ ಮರುಕಥನಕ್ಕೆ ಅವಧಿ ದೊರೆಯುತ್ತಿತ್ತು. ಕಂತುಗಳು ಎಡೆಬಿಡದೆ ಬರುವಲ್ಲಿ ಭಾಷಾಂತರಕಾರನಾಗುವ ಈ ಅವಕಾಶ ಮಗುವಿಗೆ ಇಲ್ಲ. ಆದುದರಿಂದ ಕಥೆಯೇ ಕನ್ನಡದಲ್ಲಿ ಬರಬೇಕಾದ ಅಗತ್ಯ ಅಂದಿಗಿಂತ ಇಂದು ಹೆಚ್ಚು.

ಅದು ಆಗದ ಮಾತೇನೂ ಅಲ್ಲ. 2020ರ ಮೇ ತಿಂಗಳಿನಿಂದ ಸ್ಟಾರ್ ಸುವರ್ಣ ವಾಹಿನಿಯಲ್ಲಿ ಹಿಂದಿಯ ‘ಮಹಾಭಾರತ’ ಧಾರಾವಾಹಿಯೊಂದು ಕನ್ನಡದ ಮಾತುಗಳೊಡನೆ ಪ್ರಸಾರವಾದಾಗ, ಹಳ್ಳಿಯ ಹಿರಿಯರೂ ಮಕ್ಕಳೂ ಒಟ್ಟಿಗೆ ಕುಳಿತು ನೋಡಿದರು. 2021ರ ಡಿಸೆಂಬರ್‌ನಲ್ಲಿ ಮಲೆಯಾಳದ ‘ಮಿನ್ನಲ್ ಮುರಳಿ’ ಚಲನಚಿತ್ರವು ಮೂಲದೊಡನೆಯೇ ಕನ್ನಡದಲ್ಲಿಯೂ ದೊರೆಯಿತು. ಅದರ ನಾಯಕನು ಸಿಡಿಲು ಬಡಿದು ಶಕ್ತಿ ಪಡೆದ ಹಳ್ಳಿಯ ಒಬ್ಬ ದರ್ಜಿ. 2024ರ ನವೆಂಬರ್‌ನ ತುಣುಕಿನಲ್ಲಿ ಶಕ್ತಿಮಾನನು ಹಾಡಿದ್ದು ಹಿಂದಿಯಲ್ಲಿಯೇ. ಹೊಸ ಪರ್ವವು ಕನ್ನಡದಲ್ಲಿಯೂ ಬರುವುದೇ ಎಂಬ ಪ್ರಶ್ನೆಯನ್ನು, ನಾಯಕನ ಪಾತ್ರ ಯಾರದೆಂಬ ಪ್ರಶ್ನೆಯಷ್ಟೇ ಗಟ್ಟಿಯಾಗಿ, ಪುಲಿಗೆರೆಯ ನೆಲದ ಅಭಿಮಾನಿಗಳು ಈಗಿನಿಂದಲೇ ಕೇಳತೊಡಗಬೇಕು. ಪರ್ವ ಆರಂಭವಾದ ಮೇಲೆ ಅದನ್ನು ಕೇಳುವ ಬಿಡುವು ಯಾರಿಗೂ ಇರುವುದಿಲ್ಲ.