ಕೈ ಅಡ್ಡ ಹಾಕಿದರೆ ಆಟೋ ನಿಲ್ಲುತ್ತದೆಯೇ?



ದಸರಾ ರಜೆಯಲ್ಲಿ ಅಜ್ಜನ ಕಣ್ಣು ತೋರಿಸಲು ನಾನು, ಅಮ್ಮ, ಅಜ್ಜ ಬೆಂಗಳೂರಿಗೆ ಹೋಗಿದ್ದೆವು. ಬೆಳಿಗ್ಗೆ ಆರು ಗಂಟೆಗೆ ಮೆಜೆಸ್ಟಿಕ್‌ನಲ್ಲಿ ಇಳಿದೆವು. ಆಟೋ ಸಿಗುತ್ತೋ ಇಲ್ವೋ ಅಂತ ಅಮ್ಮನಿಗೆ ಹೆದರಿಕೆ. ಯಾಕೆಂದರೆ 2010ರಲ್ಲಿ ಅಜ್ಜಿಗೆ ಹುಷಾರಿಲ್ಲದಾಗ ಇದೇ ಜಾಗದಲ್ಲಿ ಮೂರು ಆಟೋದವರು "ಆ ಕಡೆ ಬರಲ್ಲ" ಅಂದಿದ್ದರಂತೆ. ನಾಲ್ಕನೆಯವರು ಮೀಟರಿನ ಎರಡರಷ್ಟು ಕೇಳಿದರಂತೆ. ಅಜ್ಜಿ ಚೀಲದ ಮೇಲೆ ಕೂತು ಅತ್ತೇಬಿಟ್ಟರಂತೆ.

ಈ ಸಲ ಹಾಗಾಗಲಿಲ್ಲ. ನನ್ನ ಮಾಮ ಬೆಂಗಳೂರಿನಲ್ಲಿ ಆಟೋ ಓಡಿಸುತ್ತಾರೆ. ಅವತ್ತು ಅವರ ಗಾಡಿ ರಿಪೇರಿಗೆ ಹೋಗಿತ್ತು. ತಮ್ಮ ಮೊಬೈಲಿನಿಂದಲೇ ಬೇರೆ ಆಟೋ ಬುಕ್ ಮಾಡಿ, ಗಾಡಿ ನಂಬರು ಮತ್ತು ನಾಲ್ಕು ಅಂಕಿಯ ಓಟಿಪಿ ಹೇಳಿದರು. ಐದೇ ನಿಮಿಷಕ್ಕೆ ಆಟೋ ಬಂತು. "ಕೈ ಅಡ್ಡ ಹಾಕದೇನೇ ಬಂತಲ್ಲ!" ಎಂದು ಅಜ್ಜನಿಗೆ ಆಶ್ಚರ್ಯ.

ಇದು ಹೇಗೆ ಅಂತ ಸಂಜೆ ಮಾಮನನ್ನು ಕೇಳಿದೆ. "ನೋಡು ಪುಟ್ಟಿ, ಆಗ ನಿಮ್ಮನ್ನ ದೂರ ಬಿಟ್ಟರೆ ವಾಪಸ್ ಖಾಲಿ ಬರಬೇಕಿತ್ತು. ಆ ಗ್ಯಾಸಿನ ದುಡ್ಡು ಯಾರು ಕೊಡ್ತಾರೆ? ಅದಕ್ಕೇ ಕೆಲವರು ಬರಲ್ಲ ಅಂತಿದ್ರು, ಕೆಲವರು ಜಾಸ್ತಿ ಕೇಳ್ತಿದ್ರು" ಎಂದರು. ಗಿರಾಕಿ ಒಂದು ಬೀದಿಯಲ್ಲಿ, ಖಾಲಿ ಗಾಡಿ ಪಕ್ಕದ ಬೀದಿಯಲ್ಲಿ. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಟ್ಯಾಕ್ಸಿ ಬೇಕಾದರೆ ಕಂಪನಿಗೆ ಫೋನ್ ಮಾಡಿ ಕಾಯಬೇಕಿತ್ತು.

2010ರಲ್ಲಿ ಮುಂಬೈಯಲ್ಲಿ ಓಲಾ ಶುರುವಾಯಿತು. ಅಮೆರಿಕದ ಊಬರ್ 2013ರಲ್ಲಿ ಭಾರತಕ್ಕೆ ಬಂದಾಗ ಮೊದಲು ಕಾಲಿಟ್ಟಿದ್ದು ಬೆಂಗಳೂರಿಗೇ. ಉಪಗ್ರಹದ ಸಹಾಯದಿಂದ ಮೊಬೈಲಿಗೆ ತಾನು ಎಲ್ಲಿದ್ದೇನೆಂದು ಗೊತ್ತಾಗುತ್ತದೆ. ಕಂಪನಿಯ ಕಂಪ್ಯೂಟರು ಹತ್ತಿರದ ಗಾಡಿಗೆ ಕರೆ ಕಳಿಸುತ್ತದೆ. ದೂರ ಹೋದವರಿಗೆ ಅಲ್ಲಿಂದಲೇ ಇನ್ನೊಂದು ಬಾಡಿಗೆ ಸಿಗಬಹುದು.

ಆದರೆ ಮಳೆ ಬಂದಾಗ ಕೇಳುವವರು ಹೆಚ್ಚು, ಗಾಡಿ ಕಡಿಮೆ. ಆಗ ಆಪ್‌ನಲ್ಲಿ ದರ ಏರುತ್ತದೆ. ಬಾಡಿಗೆಯಲ್ಲಿ ಕಂಪನಿಗಳು ಕಮಿಷನ್ ಹಿಡಿಯುತ್ತವೆಂದು ಚಾಲಕರಿಗೆ ಬೇಸರವಿತ್ತು. 2022ರಲ್ಲಿ ಬಂದ 'ನಮ್ಮ ಯಾತ್ರಿ' ಕಮಿಷನ್ ಬಿಟ್ಟು, ಆಮೇಲೆ ಸಣ್ಣ ಶುಲ್ಕದ ಪದ್ಧತಿ ತಂದಿತು.

ಒಂದು ಲೆಕ್ಕ ಕಲಿತುಕೊಂಡೆ. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ಆಟೋ ಮೀಟರ್ ದರ ಮೊದಲ 2 ಕಿ.ಮೀ.ಗೆ 36 ರೂ., ನಂತರ ಪ್ರತಿ ಕಿ.ಮೀ.ಗೆ 18 ರೂ. ಎಂದು ನಿಗದಿಯಾಯಿತು. ಆ ಪ್ರಕಾರ 6 ಕಿ.ಮೀ.ಗೆ 36 + 72 = 108 ರೂ. ಈ ಲೆಕ್ಕ ಬಂದರೆ ಯಾರೂ ನಮಗೆ ಮೋಸ ಮಾಡಲಾರರು.

ಕೊನೆಗೊಂದು ಮಾತು. ಅವತ್ತು ನಮ್ಮ ಪಕ್ಕದಲ್ಲೇ ಒಬ್ಬ ಅಜ್ಜಿ ಗಂಟು ಹಿಡಿದು ನಿಂತಿದ್ದರು. ಬಂದ ಖಾಲಿ ಆಟೋಗಳಿಗೆಲ್ಲ ಕೈ ಅಡ್ಡ ಹಾಕುತ್ತಿದ್ದರು. "ಬುಕಿಂಗ್ ಇದೆ" ಅಂತ ಹೇಳಿ ಎಲ್ಲರೂ ಮುಂದೆ ಹೋದರು. ಅವರ ಕೈಯಲ್ಲಿ ಇದ್ದದ್ದು ಬಟನ್ ಫೋನು. ನಮ್ಮ ಆಟೋ ಹೊರಟಾಗಲೂ ಅವರು ಅಲ್ಲೇ ನಿಂತಿದ್ದರು. ನಮಗೆ ಮಾಮ ಇದ್ದರು, ಅವರಿಗೆ ಯಾರಿದ್ದರೋ! ನೀವು ಪೇಟೆಗೆ ಹೋದಾಗ ಅಂಥವರು ಕಂಡರೆ ನಿಮ್ಮ ಮನೆಯವರ ಮೊಬೈಲಿನಿಂದ ಒಂದು ಗಾಡಿ ಕರೆಸಿಕೊಡಿ. ನನಗೆ ಅವತ್ತು ಅದು ಹೊಳೆಯಲಿಲ್ಲ.

— 9ನೇ ತರಗತಿಯ ವಿದ್ಯಾರ್ಥಿನಿ