ಸತ್ತವನ ಮೇಲೇ ಕೇಸು

ನನ್ನ ತಮ್ಮ ತೀರಿಕೊಂಡ ರಾತ್ರಿಯೇ ಅವನ ಮೇಲೆ ಕೇಸು ದಾಖಲಾಗಿತ್ತು. ನಮಗೆ ಅದು ಗೊತ್ತಾದದ್ದು ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ. ಹೆದ್ದಾರಿಯಲ್ಲಿ ನಿಂತಿದ್ದ ಲಾರಿಯ ಹಿಂಬದಿಗೆ ಅವನ ಬೈಕು ಬಡಿದಿತ್ತು. ಫಿರ್ಯಾದು ಕೊಟ್ಟವನು ಆ ಲಾರಿಯ ಚಾಲಕ. ಅಪಘಾತದ ಕೇಸುಗಳಲ್ಲೆಲ್ಲ ಇರುವ ಮಾಮೂಲಿ ಸಾಲೇ ಅದರಲ್ಲೂ ಇತ್ತು: 'ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು'. ಆರೋಪಿ ಎಂದು ಬರೆದ ಜಾಗದಲ್ಲಿ ನಮ್ಮ ಹುಡುಗನ ಹೆಸರು. ಆರೋಪಿಯೇ ಮೃತಪಟ್ಟಿರುವುದರಿಂದ ಪ್ರಕರಣ ಮುಕ್ತಾಯ ಎಂದು ಷರಾ ಬರೆಯುವುದೊಂದೇ ಬಾಕಿ.

ನಮ್ಮದು ಬಬ್ಬೂರು. ಕೃಷಿ ಸಂಶೋಧನಾ ಕೇಂದ್ರ ಇರುವುದರಿಂದ 'ಬಬ್ಬೂರು ಫಾರಂ' ಎಂದರೆ ಜಿಲ್ಲೆಯ ರೈತರಿಗೆಲ್ಲ ಗೊತ್ತು. ಹಿರಿಯೂರು ನಮಗೆ ಕೂಗಳತೆಯ ಪೇಟೆ. ಬೆಂಗಳೂರು–ಪುಣೆ ಹೆದ್ದಾರಿಗೆ ಜೇವರ್ಗಿ–ಚಾಮರಾಜನಗರ ಹೆದ್ದಾರಿ ಬಂದು ಸೇರುವುದು ಅಲ್ಲೇ. ಅದಿರಿನ ಲಾರಿ, ಈರುಳ್ಳಿ ಲಾರಿ, ಗಾಳಿಯಂತ್ರದ ಒಂದೊಂದೇ ರೆಕ್ಕೆ ಹೊತ್ತು ತೆವಳುವ ಟ್ರೇಲರ್, ಇವೆಲ್ಲ ಹಗಲೂ ರಾತ್ರಿ ಓಡುವ ರಸ್ತೆ. ವಾಣಿವಿಲಾಸ ಸಾಗರದ ನಾಲೆಯ ನೀರಿಗೆ ಬೆಳೆದ ತೆಂಗು, ಅಡಿಕೆ ಮಾರುಕಟ್ಟೆಗೆ ಹೋಗುವುದೂ ಇದೇ ದಾರಿಯಲ್ಲಿ. ಹೆದ್ದಾರಿಗೆ ಒಬ್ಬರನ್ನಾದರೂ ಕಳೆದುಕೊಳ್ಳದ ಮನೆತನ ಈ ಕಡೆಯ ಊರುಗಳಲ್ಲಿ ಕಡಿಮೆ. ಆದರೂ ನಮ್ಮ ಪೈಕಿ ಹೆಚ್ಚಿನವರು ಕೇಸಿನ ಕಾಗದ ಓದುವುದಿಲ್ಲ. 'ಹಣೆಬರಹ' ಅಂದು ಸುಮ್ಮನಾಗುತ್ತೇವೆ. ನಾನು ಶಾಲೆಯಲ್ಲಿ ಪಾಠ ಹೇಳುವವಳು, ಕಾಗದ ಓದುವುದೇ ನನ್ನ ಕಸುಬು. ಹಾಗಾಗಿ ಆ ಫೈಲು ನನ್ನ ಪಾಲಿಗೆ ಬಂತು.

ಲಾರಿ ಮಾಲೀಕರ ಕಡೆಯ ಒಬ್ಬರು ಕಾರ್ಯದ ದಿನವೇ ಮನೆಗೆ ಬಂದು 'ಖರ್ಚಿಗೆ ಇರಲಿ, ಕೇಸು ಗೀಸು ಅಂತ ಅಲೆದರೆ ನಿಮಗೇ ತೊಂದರೆ' ಅಂದಿದ್ದರು. ಅಪ್ಪ ಆ ಲಕೋಟೆ ಮುಟ್ಟಲಿಲ್ಲ. ಅಮ್ಮನಿಗೆ ಬೇಕಿದ್ದದ್ದು ಒಂದೇ ಉತ್ತರ: ಮಗ ಎಷ್ಟು ಹೊತ್ತು ನರಳಿದ? ಶವ ಪರೀಕ್ಷೆಯ ವರದಿ ಕೈಗೆ ಬಂದ ದಿನ ಡಾಕ್ಟರೊಬ್ಬರ ಹತ್ತಿರ ಕೂತು ಅದನ್ನು ಓದಿಸಿಕೊಂಡೆವು. ತಲೆಬುಡದ ಮೂಳೆಗೆ ಬಿದ್ದ ಪೆಟ್ಟು, ಕೂಡಲೇ ಪ್ರಾಣ ಹೋಗಿರುತ್ತದೆ ಎಂದರು. ಅಮ್ಮ ಅಂದು ರಾತ್ರಿ ಅನ್ನ ಉಂಡಳು. ಅಪಘಾತದಲ್ಲಿ ಸತ್ತವರ ಮನೆಯವರು ಸತ್ಯ ಬೇಕು ಅಂದಾಗ ಪರಿಹಾರದ ದುಡ್ಡಿಗಾಗಿ ಬಂದಿದ್ದಾರೆ ಎಂದೇ ತಿಳಿಯುವವರು ಇದನ್ನು ಅರ್ಥ ಮಾಡಿಕೊಳ್ಳಬೇಕು.

ಹಾಗೆಂದು ದುಡ್ಡಿನ ಮಾತು ಸಣ್ಣದೇನಲ್ಲ. ತಪ್ಪು ಪೂರ್ತಿ ಸತ್ತವನದ್ದೇ ಎಂದು ತೀರ್ಮಾನವಾದರೆ ಅವನ ಹೆಂಡತಿ ಮಕ್ಕಳಿಗೆ ಎದುರು ವಾಹನದ ವಿಮೆಯಿಂದ ಬಿಡಿಗಾಸೂ ದಕ್ಕುವುದಿಲ್ಲ. 2014ರಲ್ಲಿ ಅರಸೀಕೆರೆ ಕಡೆಗೆ ಹೋಗುತ್ತಿದ್ದ ಕಾರೊಂದು ಮಗುಚಿ ಚಾಲಕ ಸತ್ತ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಆತನದೇ ಅಜಾಗರೂಕತೆ ಎಂದಾದ್ದರಿಂದ 2025ರ ಜುಲೈನಲ್ಲಿ ಕುಟುಂಬ ಬರಿಗೈಯಲ್ಲಿ ಮರಳಿತು. ಎಫ್‌ಐಆರ್‌ನ ಆ ಮಾಮೂಲಿ ಸಾಲಿಗೆ ಅಷ್ಟು ತೂಕವಿದೆ. ಅದು ಯಾರ ಹೆಸರಿಗೆ ಅಂಟುತ್ತದೆ ಎಂಬುದು ಒಂದು ಮನೆಯ ಮುಂದಿನ ಇಪ್ಪತ್ತು ವರ್ಷವನ್ನು ತೀರ್ಮಾನಿಸುತ್ತದೆ. ಬದುಕುಳಿದವನು ಠಾಣೆಗೆ ಹೋಗಿ ಹೇಳಿಕೆ ಕೊಡುತ್ತಾನೆ. ಸತ್ತವನ ಪರವಾಗಿ ಆ ರಾತ್ರಿ ಮಾತಾಡಲು ಯಾರಿರುತ್ತಾರೆ? ಮನೆಯವರು ಶವಾಗಾರದ ಮುಂದೆ ಕೂತಿರುತ್ತಾರೆ.

ನಮ್ಮ ಕೇಸಿನಲ್ಲಿ ಮಾತಾಡಿದ್ದು ಕೈನಕ್ಷೆ. ಸ್ಥಳ ಮಹಜರು ಮಾಡುವಾಗ ಪೊಲೀಸರು ಪಂಚರ ಸಮಕ್ಷಮ ಒಂದು ನಕ್ಷೆ ಬರೆಯುತ್ತಾರೆ. ರಸ್ತೆ ಎಷ್ಟು ಅಗಲ, ವಾಹನ ಎಲ್ಲಿತ್ತು, ಶವ ಎಲ್ಲಿ ಬಿದ್ದಿತ್ತು, ಟೈರು ಉಜ್ಜಿದ ಗುರುತು ಎಷ್ಟು ಉದ್ದ ಎಂಬುದೆಲ್ಲ ಅದರಲ್ಲಿರುತ್ತದೆ. ಫಿರ್ಯಾದಿನಲ್ಲಿ ಲಾರಿ 'ರಸ್ತೆಯ ಪಕ್ಕದಲ್ಲಿ' ನಿಂತಿತ್ತು ಎಂದಿತ್ತು. ನಕ್ಷೆಯಲ್ಲಿ ಅಂಚಿನ ಬಿಳಿ ಗೆರೆಯಿಂದ ಲಾರಿಯ ಎಡಚಕ್ರದವರೆಗಿನ ದೂರವನ್ನು ಅಡಿ ಲೆಕ್ಕದಲ್ಲಿ ನಮೂದಿಸಿದ್ದರು, ಅದೂ ಗೆರೆಯ ಒಳಬದಿಗೆ. ಅಂದರೆ ಇಡೀ ಲಾರಿ ವಾಹನ ಓಡುವ ಪಥದಲ್ಲೇ ನಿಂತಿತ್ತು. ಎರಡೂ ಕಾಗದ ಒಂದೇ ಫೈಲಿನಲ್ಲಿದ್ದವು. ಎರಡನ್ನೂ ಪಕ್ಕದಲ್ಲಿಟ್ಟು ಓದಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಎರಡನೆಯದು ಮೋಟಾರು ವಾಹನ ನಿರೀಕ್ಷಕರ ವರದಿ. ಬ್ರೇಕು ಸರಿ ಇತ್ತೇ, ದೀಪ ಉರಿಯುತ್ತಿತ್ತೇ, ಎಲ್ಲೆಲ್ಲಿ ಜಖಂ ಆಗಿದೆ ಎಂದು ಬರೆಯುವುದು ಅವರ ಕೆಲಸ. ತಮ್ಮನ ಬೈಕು ಬಡಿದದ್ದು ಲಾರಿಯ ಹಿಂದಿನ ಬಲ ಮೂಲೆಗೆ. ಬಲಗಡೆಯ ಕೆಂಪು ದೀಪ ಪುಡಿಯಾಗಿದ್ದರೆ ಡಿಕ್ಕಿಯಿಂದ ಎನ್ನಬಹುದು. ಎಡಗಡೆಯ ದೀಪಕ್ಕೆ ಪೆಟ್ಟೇ ಬಿದ್ದಿರಲಿಲ್ಲ, ಒಳಗೆ ಬಲ್ಬೂ ಇರಲಿಲ್ಲ. ತಮ್ಮನ ಹೆಂಡತಿಯ ಅಣ್ಣ ಠಾಣೆಯ ಆವರಣದಲ್ಲಿ ನಿಲ್ಲಿಸಿದ್ದ ಲಾರಿಯನ್ನು ಫೋನಿನಲ್ಲಿ ಸುತ್ತಲೂ ತೆಗೆದಿದ್ದ. ಪ್ರತಿಫಲಕ ಪಟ್ಟಿಯ ಮೇಲೆ ಕೆಸರು ಒಣಗಿ ಗಟ್ಟಿಯಾಗಿದ್ದದ್ದು ಆ ಫೋಟೊದಲ್ಲಿ ಕಾಣುತ್ತಿತ್ತು. ಲಾರಿ ಬಿಡುಗಡೆಯಾಗಿ ಹೋದ ಮೇಲೆ ಇದ್ಯಾವುದೂ ಸಿಗುತ್ತಿರಲಿಲ್ಲ.

ಮೂರನೆಯವರು ಮನುಷ್ಯರು. ಹೆದ್ದಾರಿ ಪಕ್ಕದ ಟೀ ಅಂಗಡಿಯವರು 'ಕತ್ತಲಾಗುವ ಮುಂಚಿನಿಂದಲೂ ನಿಂತಿತ್ತಮ್ಮ, ಹಿಂದೆ ಒಂದು ಕಲ್ಲೂ ಇಟ್ಟಿರಲಿಲ್ಲ, ಸೊಪ್ಪೂ ಕಟ್ಟಿರಲಿಲ್ಲ' ಎಂದರು. ಚಾಲಕ ಮಾತ್ರ ಆಗತಾನೆ ಪಂಕ್ಚರ್ ಆಗಿ ನಿಲ್ಲಿಸಿದೆ ಎಂದಿದ್ದ. ಲಾರಿ ಯಾವ ಹೊತ್ತಿಗೆ ಎಲ್ಲಿತ್ತು ಎಂದು ತಿಳಿಯಲು ಈಗ ದಾರಿಯಿದೆ. 2021ರ ಫೆಬ್ರುವರಿಯಿಂದ ಫಾಸ್ಟ್ಯಾಗ್ ಕಡ್ಡಾಯ. ನಮ್ಮ ತಾಲ್ಲೂಕಿನ ಗುಯಿಲಾಳು ಟೋಲಿನಂಥ ಕಡೆ ಪ್ರತಿ ವಾಹನ ದಾಟಿದ ಹೊತ್ತೂ ದಾಖಲಾಗುತ್ತದೆ. ಕ್ಯಾಮೆರಾದ ದೃಶ್ಯಗಳಾದರೆ ಹೆಚ್ಚು ದಿನ ಉಳಿಯುವುದಿಲ್ಲ, ಹಳೆಯದರ ಮೇಲೆ ಹೊಸದು ಬಂದು ಕೂರುತ್ತದೆ. ಆದ್ದರಿಂದ ಅವನ್ನು ಕಾದಿರಿಸಿ ಎಂದು ತನಿಖಾಧಿಕಾರಿಗೆ ಬರವಣಿಗೆಯಲ್ಲಿ ಕೇಳಿ ಸ್ವೀಕೃತಿ ಪಡೆಯುವುದು ಮೊದಲ ವಾರದ ಕೆಲಸ. ಅಳುತ್ತಾ ಕೂತ ಮನೆಗೆ ಇದನ್ನು ಹೇಳುವುದು ನನಗೂ ಕಷ್ಟ. ಆದರೂ ಹೇಳುತ್ತೇನೆ.

ಕಾನೂನು ಈ ವಿಷಯದಲ್ಲಿ ಕುಟುಂಬದ ಕಡೆಗಿದೆ ಎಂಬುದು ಜನರಿಗೆ ತಿಳಿದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಎಫ್‌ಐಆರ್ ಪ್ರತಿಯನ್ನು ಬಾಧಿತರಿಗೂ ಉಚಿತವಾಗಿ ಕೊಡಬೇಕು. ಬಾಧಿತರು ಅಂದರೆ ಸತ್ತವರ ವಾರಸುದಾರರೂ ಸೇರಿದರು. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ಪೊಲೀಸರೇ ತಿಳಿಸಬೇಕು. ಇದಲ್ಲದೆ 2022ರ ಏಪ್ರಿಲ್‌ನಿಂದ ಮೋಟಾರು ವಾಹನ ನಿಯಮಗಳಲ್ಲಿ ಒಂದು ವೇಳಾಪಟ್ಟಿಯೇ ಇದೆ: ಮೊದಲ ಅಪಘಾತ ವರದಿ 48 ಗಂಟೆಯೊಳಗೆ, ಬಾಧಿತರ ಹಕ್ಕುಗಳ ಪತ್ರ 10 ದಿನದೊಳಗೆ, ಮಧ್ಯಂತರ ವರದಿ 50 ದಿನದೊಳಗೆ, ಸವಿವರ ವರದಿ 90 ದಿನದೊಳಗೆ ಕ್ಲೇಮು ನ್ಯಾಯಮಂಡಳಿಗೆ. ಇದನ್ನು ದೇಶದ ಎಲ್ಲ ಠಾಣೆಗಳೂ ಪಾಲಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ನಿರ್ದೇಶನ ಕೊಟ್ಟಿತು. ಪರಿಹಾರದ ಅರ್ಜಿಗೆ ಆರು ತಿಂಗಳ ಮಿತಿ ಎಂದು ಮೋಟಾರು ವಾಹನ ಕಾಯ್ದೆಯ 166(3)ನೇ ಕಲಂ ಹೇಳುವುದರಿಂದ ವರ್ಷದ ತಿಥಿ ಕಳೆಯಲಿ ಎಂದು ಕಾಯುವಂತಿಲ್ಲ. ಗುದ್ದಿ ಓಡಿಹೋದ ವಾಹನ ಯಾವುದೆಂದೇ ಗೊತ್ತಾಗದಿದ್ದರೂ ಸಾವಿಗೆ 2 ಲಕ್ಷ ರೂಪಾಯಿ ಕೊಡುವ ಕೇಂದ್ರದ ಯೋಜನೆಯೊಂದಿದೆ. ಮೊದಲು ಅದು 25 ಸಾವಿರ ಇತ್ತು.

ಇನ್ನೊಂದು ವ್ಯತ್ಯಾಸ ತಿಳಿದಿರಬೇಕು. ಚಾಲಕನಿಗೆ ಶಿಕ್ಷೆಯಾಗಬೇಕಾದರೆ ಕ್ರಿಮಿನಲ್ ಕೋರ್ಟಿನಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ರುಜುವಾತಾಗಬೇಕು. ಪರಿಹಾರದ ನ್ಯಾಯಮಂಡಳಿ ನೋಡುವುದು ಯಾವುದು ಹೆಚ್ಚು ಸಂಭವನೀಯ ಎಂಬುದನ್ನು. ಅಲ್ಲಿ ಸೋತೆವೆಂದು ಇಲ್ಲಿಯೂ ಸೋಲಬೇಕಿಲ್ಲ. ನಿಂತ ಲಾರಿಗೆ ಬಡಿದವನದ್ದೂ ಅರ್ಧ ತಪ್ಪು ಎಂದು ವಿಮಾ ಕಂಪನಿಗಳು ವಾದಿಸುವುದುಂಟು. 2018ರಲ್ಲಿ ಅಂಥದ್ದೇ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಿತ್ತು. ರಾತ್ರಿ ಹೊತ್ತು ರಸ್ತೆಯಲ್ಲಿ ಸೂಚಕ ದೀಪವಿಲ್ಲದೆ ನಿಂತಿದ್ದ ಗ್ಯಾಸ್ ಟ್ಯಾಂಕರ್‌ಗೆ ಕಾರು ಬಡಿದಿತ್ತು. ಎದುರಿನ ವಾಹನಗಳ ಬೆಳಕು ಕಣ್ಣಿಗೆ ಕುಕ್ಕುವಾಗ ಕಾರಿನವನಿಗೆ ಅದು ಕಾಣಬೇಕಿತ್ತು ಎನ್ನಲಾಗದು ಎಂದು ಹೇಳಿ, ಹೈಕೋರ್ಟ್ ಹೊರಿಸಿದ್ದ ಅರ್ಧ ತಪ್ಪನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಈ ತೀರ್ಪನ್ನು ಓದಿ ಹೇಳಿದಾಗ ನಾದಿನಿ ಇನ್ನೊಮ್ಮೆ ಓದಿಸಿದಳು.

ನಿಂತ ಲಾರಿ ಎಷ್ಟು ಜನರನ್ನು ನುಂಗಬಲ್ಲದು ಎಂಬುದಕ್ಕೆ ಬೆಂಗಳೂರು–ಪುಣೆ ಹೆದ್ದಾರಿಯ ಗುಂಡೇನಹಳ್ಳಿ ಕ್ರಾಸ್ ಸಾಕ್ಷಿ. ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನ ಆ ಜಾಗದಲ್ಲಿ 2024ರ ಜೂನ್ 28ರ ನಸುಕಿನಲ್ಲಿ, ದೇವರ ದರ್ಶನ ಮುಗಿಸಿ ಬರುತ್ತಿದ್ದವರ ಟೆಂಪೊ ಟ್ರಾವೆಲರ್ ನಿಂತಿದ್ದ ಲಾರಿಗೆ ಗುದ್ದಿ 13 ಜನ ಸತ್ತರು. ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಗೆ ಸಾಲು ಸಾಲು ಶವಗಳು ಬಂದವು. 2025ರ ಡಿಸೆಂಬರ್ 25ರ ನಸುಕಿನಲ್ಲಿ ನಮ್ಮದೇ ತಾಲ್ಲೂಕಿನ ಗೊರ್ಲತ್ತು ಬಳಿ ಕಂಟೇನರ್ ಲಾರಿಯೊಂದು ವಿಭಜಕ ದಾಟಿ ಬಂದು ಸ್ಲೀಪರ್ ಬಸ್ಸಿಗೆ ಗುದ್ದಿತು, ಬಸ್ಸು ಹೊತ್ತಿ ಉರಿಯಿತು. ಸುಟ್ಟು ಹೋದವರು ಯಾರೆಂದು ತಿಳಿಯಲು ಡಿಎನ್‌ಎ ಪರೀಕ್ಷೆ ಬೇಕಾಯಿತು. ಆ ಮನೆಗಳವರಿಗೆ ಸತ್ಯದ ಹುಡುಕಾಟ ಶುರುವಾದದ್ದೇ ತಮ್ಮವರ ಗುರುತಿನಿಂದ.

ಇಂಥ ಸಾವುಗಳಲ್ಲಿ ನಾವು ಚಾಲಕನನ್ನು ಮಾತ್ರ ನೋಡುತ್ತೇವೆ. ದಾವಣಗೆರೆಯ ಕುಟುಂಬಗಳು ಅದಕ್ಕಿಂತ ಮುಂದಕ್ಕೆ ಹೋದವು. 2021ರ ಜನವರಿ 15, ಸಂಕ್ರಾಂತಿಯ ಮರುದಿನ. ಒಂದೇ ಶಾಲೆಯಲ್ಲಿ ಓದಿದ ಗೆಳತಿಯರು ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದರು. ಧಾರವಾಡದ ಇಟಿಗಟ್ಟಿ ಬಳಿ ಅವರ ವಾಹನಕ್ಕೂ ಟಿಪ್ಪರ್‌ಗೂ ಮುಖಾಮುಖಿಯಾಗಿ ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅವರ ಗಂಡಂದಿರು, ಮಕ್ಕಳು, ಬಂಧುಗಳು ಮರುತಿಂಗಳೇ ಆ ಜಾಗಕ್ಕೆ ಹೋಗಿ ರಸ್ತೆಯಲ್ಲೇ ನಿಂತು ಕೇಳಿದ ಪ್ರಶ್ನೆ ಬೇರೆಯದು: ಮುಂದೆಯೂ ಹಿಂದೆಯೂ ನಾಲ್ಕು ಪಥ ಇರುವ ಹೆದ್ದಾರಿ, ಹುಬ್ಬಳ್ಳಿ–ಧಾರವಾಡ ನಡುವಿನ ಸುಮಾರು 30 ಕಿಲೋಮೀಟರ್ ಬೈಪಾಸಿನಲ್ಲಿ ಮಾತ್ರ ಟೋಲು ಕಟ್ಟಿಸಿಕೊಂಡೂ ಎರಡೇ ಪಥ ಏಕಿದೆ? ವಿಭಜಕವೇ ಇಲ್ಲದ ದಾರಿಯಲ್ಲಿ ಎದುರಿನ ಟಿಪ್ಪರ್ ಯಾವ ಕ್ಷಣದಲ್ಲಾದರೂ ಮೈಮೇಲೆ ಬರಬಹುದಿತ್ತು. ವರ್ಷಗಳಿಂದ ಕುಂಟುತ್ತಿದ್ದ ರಸ್ತೆ ಅಗಲೀಕರಣದ ಮಾತಿಗೆ ಆ ಪ್ರಶ್ನೆ ಜೀವ ಕೊಟ್ಟಿತು. 2022ರಲ್ಲಿ ಆರು ಪಥದ ಕಾಮಗಾರಿಗೆ ಅಡಿಗಲ್ಲು ಬಿತ್ತು. ತಮ್ಮವರು ಮರಳಿ ಬರುವುದಿಲ್ಲ ಎಂದು ಗೊತ್ತಿದ್ದೂ ಬೇರೆಯವರ ಮನೆಯವರಿಗಾಗಿ ಅಲ್ಲಿ ಹೋಗಿ ನಿಂತ ಆ ಜನರ ಬಗ್ಗೆ ನನಗೆ ಅಪಾರ ಗೌರವವಿದೆ.

2019ರ ತಿದ್ದುಪಡಿ ಮೋಟಾರು ವಾಹನ ಕಾಯ್ದೆಗೆ 198ಎ ಎಂಬ ಕಲಂ ಸೇರಿಸಿತು. ರಸ್ತೆಯ ವಿನ್ಯಾಸದಲ್ಲಿ, ನಿರ್ಮಾಣದಲ್ಲಿ ಅಥವಾ ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ ಸಾವು ಸಂಭವಿಸಿದರೆ ಅದಕ್ಕೆ ಹೊಣೆಯಾದ ಪ್ರಾಧಿಕಾರಕ್ಕೋ ಗುತ್ತಿಗೆದಾರರಿಗೋ 1 ಲಕ್ಷ ರೂಪಾಯಿವರೆಗೆ ದಂಡ. 2022ರ ಒಂದೇ ವರ್ಷದಲ್ಲಿ 1,68,491 ಜನ ರಸ್ತೆಯಲ್ಲಿ ಸತ್ತ ದೇಶದಲ್ಲಿ ಈ ದಂಡ ತೀರಾ ಸಣ್ಣದು ಎಂದು ನನಗೆ ಅನಿಸುತ್ತದೆ. ಆದರೂ ರಸ್ತೆಯನ್ನೂ ಕಟಕಟೆಗೆ ತರಬಹುದು ಎಂದು ಕಾನೂನಿನಲ್ಲಿ ಬರೆದಾಗಿದೆ, ಬಳಸುವವರು ಬೇಕು. ಲಾರಿ ಚಾಲಕನೂ ಎಲ್ಲೋ ನಿಲ್ಲಿಸಲೇಬೇಕಲ್ಲ? ರಾತ್ರಿಯಿಡೀ ಸ್ಟೇರಿಂಗ್ ಹಿಡಿದವನಿಗೆ ಮಲಗಲು, ಕೆಟ್ಟ ಲಾರಿಯನ್ನು ಎಳೆದು ಹಾಕಲು ಜಾಗ ಇರಬೇಕು. ನಮ್ಮ ತಮ್ಮ ಬಡಿದ ಲಾರಿಯ ಚಾಲಕನೂ ಯಾರದೋ ಮನೆಯ ದುಡಿಯುವ ಮಗನೇ. ಅವನ ಮೇಲೆ ನಮಗೆ ಹಗೆ ಇಲ್ಲ. ಅವನು ಹೇಳಿದ್ದು ಸುಳ್ಳು ಎಂಬುದಷ್ಟೇ ನಮ್ಮ ತಕರಾರು.

ನಕ್ಷೆ, ನಿರೀಕ್ಷಕರ ವರದಿ, ಫೋಟೊ, ಟೀ ಅಂಗಡಿಯವರ ಮಾತು ಎಲ್ಲ ಸೇರಿಸಿ ಮೇಲಧಿಕಾರಿಗಳಿಗೆ ಮನವಿ ಕೊಟ್ಟೆವು. ಮರುತನಿಖೆ ನಡೆದು ಲಾರಿ ಚಾಲಕನ ಮೇಲೆ ಚಾರ್ಜ್‌ಶೀಟು ಸಲ್ಲಿಕೆಯಾಯಿತು. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದ ಕಲಮೂ ಅದರಲ್ಲಿದೆ. ಆರೋಪಿಯ ಜಾಗದಲ್ಲಿ ಈಗ ತಮ್ಮನ ಹೆಸರಿಲ್ಲ. ಪರಿಹಾರದ ಅರ್ಜಿ ಇನ್ನೂ ನಡೆಯುತ್ತಿದೆ. ವಿಮೆಯವರ ವಕೀಲರು ಅರ್ಧ ತಪ್ಪಿನ ವಾದವನ್ನೇ ಹಿಡಿದಿದ್ದಾರೆ. ಮುಂದಿನ ವಾಯಿದೆಗೆ ಟೀ ಅಂಗಡಿಯವರ ಸಾಕ್ಷಿ ಇದೆ. ಅಂಗಡಿ ಮುಚ್ಚಿ ಬರುತ್ತೇನೆ ಎಂದು ಹೇಳಿದ್ದಾರೆ.